ನಾಣ್ಯದ ತಪ್ಪು, ಕಣ್ಣಿನ ತಪ್ಪು

ಕನ್ನಡದಲ್ಲಿ ನಾಣ್ಯದ ಮೇಲೆ ಕಟ್ಟಿದ ಮಾತುಗಳು ಹಲವಾರು. ಬಳಸಿ ಬಳಸಿ ಅರ್ಥ ಕಳೆದುಕೊಂಡ ನುಡಿಯನ್ನು ಸವಕಲು ನಾಣ್ಯವೆನ್ನುತ್ತೇವೆ. ಜನ ಒಪ್ಪಿಕೊಂಡ ಪದ ಚಲಾವಣೆಗೆ ಬಂತೆನ್ನುತ್ತೇವೆ. ಹೊಸ ಶಬ್ದವನ್ನು ಹುಟ್ಟಿಸಿದವನು ಅದನ್ನು ಟಂಕಿಸಿದನೆಂದು ಹೊಗಳುತ್ತೇವೆ. ಮನುಷ್ಯನ ಗುಣವನ್ನಾದರೂ ಅಷ್ಟೆ, ಒರೆಗೆ ಹಚ್ಚಿಯೇ ತಿಳಿಯಬೇಕೆನ್ನುತ್ತೇವೆ. ಇಷ್ಟೆಲ್ಲ ಮಾತು ನಮ್ಮ ನಾಲಗೆಯ ಮೇಲಿದ್ದರೂ, ನಾಣ್ಯವನ್ನೇ ಅಂಗೈಯಲ್ಲಿಟ್ಟುಕೊಂಡು ಎರಡೂ ಮುಖಗಳನ್ನು ತಿರುವಿ ಓದುವ ಅಭ್ಯಾಸ ಮಾತ್ರ ನಮ್ಮಲ್ಲಿ ಕಡಮೆ. ಅದರ ಮೇಲಿನ ಅಂಕೆಯನ್ನು ನೋಡಿ ಜೇಬಿಗೆ ಹಾಕಿಕೊಂಡರೆ ನಮ್ಮ ಕೆಲಸ ತೀರಿತು.

ಆದರೆ ಯಾವುದೋ ಒಂದು ನಾಣ್ಯ ಉಳಿದವುಗಳಂತಿಲ್ಲವೆಂದು ಕಂಡಾಗ ನಾವೆಲ್ಲರೂ ಒಮ್ಮೆಗೇ ಪರೀಕ್ಷಕರಾಗಿಬಿಡುತ್ತೇವೆ. ಅಂಚು ಓರೆಯಾಗಿದ್ದರೆ, ಅಕ್ಷರ ತಲೆಕೆಳಗಾಗಿದ್ದರೆ, ಇಸವಿ ಅರ್ಥವಾಗದಿದ್ದರೆ, "ಇದು ಸಾಮಾನ್ಯ ನಾಣ್ಯವಲ್ಲ, ಲಕ್ಷ ಬಾಳುತ್ತದೆ" ಎಂದು ಒಬ್ಬರು. "ಇದು ಖೋಟಾ, ಬೇಡ" ಎಂದು ಇನ್ನೊಬ್ಬರು. ಇಬ್ಬರೂ ನಾಣ್ಯವನ್ನು ನೋಡಿದವರೇ. ಆದರೆ ಅದು ಹುಟ್ಟಿದ ಬಗೆಯನ್ನು ಇಬ್ಬರೂ ವಿಚಾರಿಸಲಿಲ್ಲ. ವಿಚಾರಿಸದೆ ಬೆಲೆ ಕಟ್ಟಿದ್ದರಿಂದ ದುಡ್ಡು ಕಳೆದುಕೊಂಡವರಿದ್ದಾರೆ. ಅದಕ್ಕಿಂತ ಹೆಚ್ಚಾಗಿ ಚರಿತ್ರೆಯೂ ನಷ್ಟವಾಗಿದೆ. ನಾಣ್ಯದಲ್ಲಿ ಕಾಣುವ ವಿಚಿತ್ರಗಳಲ್ಲಿ ಯಾವುದು ನಿಜವಾದ ತಪ್ಪು, ಯಾವುದು ನಮ್ಮ ಕಣ್ಣಿನ ತಪ್ಪು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ. ಈ ನೆಲದ ಪಶ್ಚಿಮಕ್ಕೆ ಚಾಲುಕ್ಯರ ಕಾಲದ ಲೊಕ್ಕಿಗುಂಡಿ. ದಕ್ಷಿಣಕ್ಕೆ ತುಂಗಭದ್ರೆಯ ದಡದಲ್ಲಿ ಆನೆಗೊಂದಿ, ಹೊಳೆಯಾಚೆ ವಿಜಯನಗರ. ಕೊಪ್ಪಳದ ಕೋಟೆಯನ್ನು ಟೀಪು ಸುಲ್ತಾನನು 1786ರಲ್ಲಿ ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದನು. 1790–91ರ ಮುತ್ತಿಗೆಯ ನಂತರ ಅದು ಅವನ ಕೈಬಿಟ್ಟಿತು. ಆಮೇಲೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಮಗ್ಗುಲಲ್ಲೇ ಮುಂಬಯಿ ಮತ್ತು ಮದರಾಸು ಪ್ರಾಂತಗಳ ಗಡಿ. ಹೀಗಾಗಿ ಸಾವಿರ ವರ್ಷಗಳಲ್ಲಿ ಎಷ್ಟೋ ಟಂಕಸಾಲೆಗಳ ಹೊನ್ನು, ಹಣ, ದುಡ್ಡುಗಳು ಈ ಊರುಗಳ ಸಂತೆಯಲ್ಲಿ ಕೈ ಬದಲಾಯಿಸಿವೆ. ಒಂದೊಂದು ಟಂಕಸಾಲೆಯ ರೀತಿ ಒಂದೊಂದು. ಒಂದರ ಪದ್ಧತಿ ಇನ್ನೊಂದರ ಕಣ್ಣಿಗೆ ದೋಷವಾಗಿ ಕಾಣುತ್ತದೆ.

ಮೊದಲು ಲೊಕ್ಕಿಗುಂಡಿಯನ್ನೇ ತೆಗೆದುಕೊಳ್ಳೋಣ. ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯೇ ಇದು. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದ ಕಾಲದಲ್ಲಿ ಈ ಭಾಗದ ಹೆಸರುವಾಸಿಯಾದ ಟಂಕಸಾಲೆ ಅಲ್ಲಿತ್ತು. ಶಾಸನಗಳಲ್ಲಿ ದತ್ತಿ ಕೊಟ್ಟವರು ಬರಿದೆ ಗದ್ಯಾಣವೆನ್ನದೆ 'ಲೊಕ್ಕಿಗದ್ಯಾಣ' ಎಂದು ಹೆಸರಿಟ್ಟು ಹೇಳಿರುವುದನ್ನು ನೋಡಿದರೆ, ಆ ಟಂಕಸಾಲೆಯ ಚಿನ್ನದ ಮೇಲೆ ಜನರಿಗಿದ್ದ ನಂಬಿಕೆ ಎಷ್ಟೆಂಬುದು ತಿಳಿಯುತ್ತದೆ.

ಆ ಕಾಲದ ಚಾಲುಕ್ಯ ನಾಣ್ಯಗಳನ್ನು ಇಂದಿನವರು ನೋಡಿದರೆ ಹಾಳಾದ ನಾಣ್ಯವೆಂದೇ ಬಗೆದಾರು. ಬಿಲ್ಲೆ ಚಪ್ಪಟೆಯಾಗಿಲ್ಲ, ಬಟ್ಟಲಿನಂತೆ ತಗ್ಗಾಗಿದೆ. ಒಂದು ಗುರುತಿನ ಮೇಲೆ ಇನ್ನೊಂದು ಗುರುತು ಹತ್ತಿಕೊಂಡಿದೆ. ಒಂದು ಸಿಂಹ ನೇರವಾಗಿದ್ದರೆ ಇನ್ನೊಂದು ಓರೆ. ರಾಜನ ಹೆಸರಿನಲ್ಲಿ ಎರಡಕ್ಷರ ಕಂಡರೆ ಮೂರನೆಯದು ಮರೆ. ಇದಕ್ಕೆ ಕಾರಣ ಕಮ್ಮಟಗಾರನ ಅಜಾಗರೂಕತೆಯಲ್ಲ. ಆಗ ಇಡೀ ಮುಖಕ್ಕೆ ಒಂದೇ ಅಚ್ಚು ಇರಲಿಲ್ಲ. ಚಿಕ್ಕ ಚಿಕ್ಕ ಮುದ್ರೆಗಳನ್ನು ಒಂದಾದ ಮೇಲೊಂದರಂತೆ ಬೇರೆ ಬೇರೆಯಾಗಿ ಹೊಡೆಯುತ್ತಿದ್ದರು. ಹೊಡೆತಕ್ಕೆ ತೆಳುವಾದ ಚಿನ್ನ ಬಾಗುತ್ತಿತ್ತು. ಎರಡು ನಾಣ್ಯಗಳಲ್ಲಿ ಮುದ್ರೆಗಳು ಒಂದೇ ಜಾಗದಲ್ಲಿ ಬೀಳುವುದು ಆಗದ ಮಾತು. ಆದಕಾರಣ ಇಂಥ ನಾಣ್ಯದಲ್ಲಿ 'ಎರಡು ಸಲ ಹೊಡೆದ ತಪ್ಪು' ಎಂಬುದನ್ನು ಹುಡುಕುವುದು ವ್ಯರ್ಥ. ಹಲವು ಸಲ ಹೊಡೆಯುವುದೇ ಅಲ್ಲಿನ ಕ್ರಮ.

ವಿಜಯನಗರದ ಕಾಲಕ್ಕೆ ಬಂದರೆ ಕ್ರಮ ಬೇರೆಯಾಯಿತು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ತೂಗಿ ಸಿದ್ಧಪಡಿಸಿದ ಚಿನ್ನದ ಬಿಲ್ಲೆ, ಮೇಲಿಂದ ಸುತ್ತಿಗೆಯ ಏಟು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಇಲ್ಲಿಯ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಚಿನ್ನದಲ್ಲಿ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ. ಬೆಳ್ಳಿಯಲ್ಲಿ ಹಣದ ಆರನೆಯ ಒಂದು ಪಾಲು ತಾರ. ತಾಮ್ರದಲ್ಲಿ ತಾರದ ಮೂರನೆಯ ಒಂದು ಪಾಲು ಜಿತಲ್. ಇವುಗಳಲ್ಲಿ ಹೆಚ್ಚು ಬಳಕೆಯಾಗುವುದು ಹಣವೆಂದು ಅವನ ಮಾತು. ಆ ಪುಟ್ಟ ನಾಣ್ಯದ ಹೆಸರೇ ಇಂದು ನಮ್ಮ ಬಾಯಲ್ಲಿ ಎಲ್ಲ ಸಂಪತ್ತಿಗೂ ಹೆಸರಾಗಿ ನಿಂತಿರುವುದು ಸ್ವಾರಸ್ಯದ ಸಂಗತಿ. ಪೋರ್ತುಗೀಜರು ವರಹವನ್ನು 'ಪರ್ದಾವ್' ಎಂದು ಕರೆಯುತ್ತಿದ್ದರು. ಅದು 'ಪ್ರತಾಪ' ಶಬ್ದದ ಅಪಭ್ರಂಶವೆಂದು ವಿದ್ವಾಂಸರು ಹೇಳುತ್ತಾರೆ. ನಾಣ್ಯದ ಹಿಂಬದಿಯಲ್ಲಿ 'ಶ್ರೀ ಪ್ರತಾಪ' ಎಂದೇ ಅರಸರ ಹೆಸರು ಮೊದಲಾಗುತ್ತಿತ್ತಷ್ಟೆ.

ವರಹದ ತೂಕ ಸುಮಾರು 3.4 ಗ್ರಾಂ. ತೂಕದಲ್ಲಿ ಟಂಕಸಾಲೆಯವರು ಬಲು ಕಟ್ಟುನಿಟ್ಟು. ಆದರೆ ಬಿಲ್ಲೆ ಅಚ್ಚಿನ ನಡುವೆಯೇ ಕೂತಿತೋ ಇಲ್ಲವೋ ಎಂಬ ಬಗ್ಗೆ ಅವರಿಗೆ ಅಷ್ಟು ಚಿಂತೆಯಿರಲಿಲ್ಲ. ಅನೇಕ ವೇಳೆ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹೀಗಾಗಿ ಒಂದು ವರಹದಲ್ಲಿ 'ಶ್ರೀ ಪ್ರತಾ' ಎಂಬಷ್ಟೇ ಕಾಣುತ್ತದೆ. ಮತ್ತೊಂದರಲ್ಲಿ ಮೇಲಿನ ಸಾಲೇ ಇಲ್ಲ. ಬಾಗಿಲಿಗಿಂತ ದೊಡ್ಡ ಪೆಟ್ಟಿಗೆಯನ್ನು ಮನೆಯೊಳಗೆ ತರಲು ಹೋದಂತೆ, ಎಷ್ಟು ಹಿಡಿಯಿತೋ ಅಷ್ಟೇ ಒಳಕ್ಕೆ ಬಂತು. ಕೊಡುವವನಿಗೂ ಕೊಳ್ಳುವವನಿಗೂ ಬೇಕಾದದ್ದು ಚಿನ್ನದ ತೂಕ. ಅಕ್ಷರ ಅರ್ಧವಾದರೂ ಹೊನ್ನು ಅರ್ಧವಾಗಲಿಲ್ಲ.

ಇಲ್ಲಿ ಬೆಲೆ ಕಟ್ಟುವವರು ನೆನಪಿಡಬೇಕಾದ ಮುಖ್ಯ ಸೂತ್ರವೊಂದಿದೆ. ಕೈಯಿಂದ ಹೊಡೆದ ನಾಣ್ಯಗಳಲ್ಲಿ ಅಚ್ಚು ಸರಿದಿರುವುದು ಸಾಮಾನ್ಯ, ಪೂರ್ಣವಾಗಿ ಮೂಡಿರುವುದು ಅಪರೂಪ. ಎರಡು ಮುಖಗಳೂ ನಡುವಿಗೆ ಕೂತು, ಚಿತ್ರವೂ ಮೂರು ಸಾಲಿನ ಬರಹವೂ ತುಂಬಿ ಬಂದಿರುವ ವರಹಕ್ಕೇ ಸಂಗ್ರಾಹಕರು ಹೆಚ್ಚು ಕೊಡುವುದು. ಯಂತ್ರದ ನಾಣ್ಯಗಳಲ್ಲಾದರೋ ಇದು ತಿರುವುಮುರುವು. ಅಲ್ಲಿ ಪೂರ್ಣತೆ ಸಾಮಾನ್ಯ, ಸರಿದದ್ದು ಅಪರೂಪ. ಒಂದೇ ಲಕ್ಷಣ ಒಂದು ಕಾಲದಲ್ಲಿ ಬೆಲೆಯನ್ನು ತಗ್ಗಿಸುತ್ತದೆ, ಇನ್ನೊಂದು ಕಾಲದಲ್ಲಿ ಏರಿಸುತ್ತದೆ. ಇದನ್ನು ತಿಳಿಯದವರು ಹಂಪೆಯ ಕಡೆಯ ಒಂದು ಓರೆ ಕಾಸನ್ನು ಹಿಡಿದುಕೊಂಡು 'ಟಂಕಸಾಲೆಯ ತಪ್ಪು' ಎಂದು ಊರೆಲ್ಲ ತಿರುಗಿದರೆ ಆಶ್ಚರ್ಯವಿಲ್ಲ.

ಚಿತ್ರಗಳ ವಿಷಯದಲ್ಲಿಯೂ ಕಣ್ಣು ಮೋಸ ಹೋಗುವುದುಂಟು. ಹರಿಹರ ಮೊದಲಾದ ಮೊದಲಿನ ಅರಸರ ವರಹಗಳಲ್ಲಿ ಹನುಮಂತನಿದ್ದಾನೆ, ಬರಹ ಕನ್ನಡದಲ್ಲಿದೆ. ಆನೆಗೊಂದಿಯ ಬಳಿಯ ಅಂಜನಾದ್ರಿಯನ್ನು ಹನುಮಂತನ ಜನ್ಮಸ್ಥಳವೆಂದು ನಂಬುವ ಈ ನಾಡಿಗೆ ಅದು ತಕ್ಕದ್ದೇ. ಎರಡನೆಯ ಹರಿಹರನ ಕಾಲದಿಂದ ಉಮಾಮಹೇಶ್ವರರ ಜೋಡಿ ಕಾಣಿಸಿಕೊಳ್ಳುತ್ತದೆ, ಬರಹ ನಾಗರಿಯಾಗುತ್ತದೆ. ಅಚ್ಯುತರಾಯನ ನಾಣ್ಯದಲ್ಲಿ ಆನೆಗಳನ್ನು ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಹಿಡಿದ ಗಂಡಭೇರುಂಡ. ಕೃಷ್ಣದೇವರಾಯನ ವರಹದಲ್ಲಿ ಮಾತ್ರ ಕೂತಿರುವ ಒಂದೇ ಮೂರ್ತಿ, ಕೈಯಲ್ಲಿ ಬೆಣ್ಣೆ. ಈ ಬಗೆಯ ವರಹಕ್ಕೆ 'ದುರ್ಗಿ ವರಹ' ಎಂಬ ಹೆಸರು ಬಿದ್ದಿತ್ತು. ಆ ಮೂರ್ತಿಯನ್ನು ದುರ್ಗೆಯೆಂದು ಬಗೆದವರೂ ಉಂಟು. ಅದು ಬಾಲಕೃಷ್ಣನೆಂದೂ, ಉದಯಗಿರಿಯ ವಿಜಯದ ನಂತರ ಅಲ್ಲಿಂದ ತಂದು ಹಂಪೆಯಲ್ಲಿ ಪ್ರತಿಷ್ಠಿಸಿದ ಕೃಷ್ಣನ ಸ್ಮರಣೆಯೆಂದೂ ಈಗ ಬಹುಮಂದಿ ವಿದ್ವಾಂಸರ ಅಭಿಪ್ರಾಯ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜ ಡೊಮಿಂಗೊ ಪಾಯೆಸ್, ಈ ರಾಜ್ಯದ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಎರಡು ಮೂರ್ತಿಗಳೂ ಇನ್ನೊಂದು ಮುಖದಲ್ಲಿ ಅರಸನ ಹೆಸರೂ ಇರುವುದೆಂದು ಹೇಳಿ, ಈಗಿನ ಅರಸನು ಹೊಡೆಸಿದವುಗಳಲ್ಲಿ ಮಾತ್ರ ಒಂದೇ ಮೂರ್ತಿಯೆಂದು ಸೇರಿಸಿದ್ದಾನೆ. ರಾಬರ್ಟ್ ಸೂವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಬರಹ ಇಂಗ್ಲಿಷ್ ಬಲ್ಲವರಿಗೆಲ್ಲ ದೊರೆಯಿತು. ಪರದೇಶದ ಒಬ್ಬ ಕುದುರೆ ವ್ಯಾಪಾರದ ಸಂಗಡಿಗ ಅಂಗೈಯ ಮೇಲಿನ ನಾಣ್ಯವನ್ನು ಎಷ್ಟು ಸೂಕ್ಷ್ಮವಾಗಿ ನೋಡಿದ್ದಾನೆ! ಎರಡು ಮೂರ್ತಿ ಇರಬೇಕಾದಲ್ಲಿ ಒಂದೇ ಇದೆಯೆಂದು ಅವನು ಅದನ್ನು ಖೋಟಾ ಎನ್ನಲಿಲ್ಲ. ಯಾರು ಹೊಡೆಸಿದರೆಂದು ವಿಚಾರಿಸಿದನು. ನಾಣ್ಯಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ.

ಹಾಗೆಂದು ಚಿತ್ರವೊಂದನ್ನೇ ನಂಬಿ ಕಾಲವನ್ನು ನಿರ್ಣಯಿಸುವುದೂ ಅಪಾಯ. ವಿಜಯನಗರದ ಉಮಾಮಹೇಶ್ವರರನ್ನು ಇಕ್ಕೇರಿಯ ನಾಯಕರು ತಮ್ಮ ವರಹದಲ್ಲಿ ಉಳಿಸಿಕೊಂಡು ಹಿಂದೆ 'ಶ್ರೀ ಸದಾಶಿವ' ಎಂದು ಬರೆಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅದೇ ಶಿವಪಾರ್ವತಿಯರನ್ನು ಬಿಡದೆ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಇರಿಸಿದನು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅವರೇ ಕುಳಿತಿದ್ದಾರೆ. ಒಂದೇ ಚಿತ್ರ ನಾನೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ಒಂದು ಮುಖ ದೇವರದು, ಇನ್ನೊಂದು ಪಾರಸಿ ಅಕ್ಷರವೆಂದು ಕಂಡರೆ 'ಎರಡು ರಾಜ್ಯದ ಅಚ್ಚು ತಪ್ಪಿ ಒಂದಾಯಿತು' ಎಂದು ತಿಳಿಯಬಾರದು. ಅದು ತಪ್ಪಲ್ಲ, ವ್ಯವಹಾರಜ್ಞಾನ. ಸಂತೆಯ ಜನ ಯಾವ ಮುಖವನ್ನು ನಂಬಿದ್ದರೋ ಆ ಮುಖವನ್ನು ಹೈದರನು ಕೆಡಿಸಲಿಲ್ಲ.

ಅವನ ಮಗ ಟೀಪುವಿನ ನಾಣ್ಯಗಳಂತೂ ಪರೀಕ್ಷಕರ ಪರೀಕ್ಷೆಯೇ ಸರಿ. ಕೊಪ್ಪಳದ ಕೋಟೆ ಅವನ ಕೈಗೆ ಬಂದ ಮರುವರ್ಷ, ಎಂದರೆ 1787ರಲ್ಲಿ, ಅವನು ಹಿಜರಿ ಶಕವನ್ನು ಬಿಟ್ಟು ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕವನ್ನು ಜಾರಿಗೆ ತಂದನು. ನಾಣ್ಯಗಳ ಮೇಲಿನ ವರ್ಷ 1201ರಿಂದ ಒಮ್ಮೆಗೇ 1215ಕ್ಕೆ ಜಿಗಿಯಿತು. ಅಷ್ಟೇ ಅಲ್ಲ, ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಸಿದನು. ಪಾರಸಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ನಡೆದರೂ ಅಂಕೆಗಳು ಎಡದಿಂದ ಬಲಕ್ಕೆ ನಡೆಯುವುದು ವಾಡಿಕೆ. ಟೀಪು ಅದನ್ನೂ ತಿರುಗಿಸಿದ್ದರಿಂದ 1215 ಎಂಬುದು ನಮಗೆ 5121 ಎಂದು ತೋರುತ್ತದೆ. ಮೊದಲ ಸಲ ನೋಡಿದವರು ಅಚ್ಚು ಕೆತ್ತಿದವನು ಕನ್ನಡಿಯಲ್ಲಿ ನೋಡಿ ಕೆತ್ತಿದನೆಂದೇ ಹೇಳುತ್ತಾರೆ.

ಸರಿ, ತಿರುಗಿಸಿ 1215 ಎಂದು ಓದಿದರೂ ಇನ್ನೊಂದು ಗುಂಡಿ ಕಾದಿದೆ. ಅದನ್ನು ಹಿಜರಿಯೆಂದು ಲೆಕ್ಕ ಹಾಕಿದರೆ 1800–01 ಬರುತ್ತದೆ. ಟೀಪು ಮಡಿದದ್ದು 1799ರ ಮೇ 4ರಂದು. ಸತ್ತ ಅರಸನು ಹೊಡೆಸಿದ ನಾಣ್ಯವೆಂದಮೇಲೆ ಖೋಟಾ ಅಲ್ಲದೆ ಮತ್ತೇನು? ಹೀಗೆ ಅಪ್ಪಟ ನಾಣ್ಯವೊಂದು ಲೆಕ್ಕದ ದೋಷದಿಂದ ಕಳ್ಳನ ಸಾಲಿನಲ್ಲಿ ನಿಲ್ಲುತ್ತದೆ. ಟೀಪು ಊರುಗಳ ಹೆಸರುಗಳನ್ನೂ ಬದಲಾಯಿಸಿದ್ದನು. ಧಾರವಾಡದ ಟಂಕಸಾಲೆ ಅವನ ನಾಣ್ಯದಲ್ಲಿ ಖುರ್ಷೇದ್ ಸವಾದ್. ಚಿತ್ರದುರ್ಗ ಫರ್ರುಖಯಾಬ್ ಹಿಸಾರ್. 1921ರಲ್ಲಿ ಹೆಂಡರ್ಸನ್ ಇವನ್ನೆಲ್ಲ ಒಂದು ಪುಸ್ತಕದಲ್ಲಿ ವಿಂಗಡಿಸಿ ಕೊಟ್ಟನು. ಅದಕ್ಕೂ ಹಿಂದೆ, 1886ರಲ್ಲಿ, ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನ ದಕ್ಷಿಣ ಭಾರತದ ನಾಣ್ಯಗಳ ಗ್ರಂಥ ಹೊರಬಂದಿತ್ತು. ನಮ್ಮವರಲ್ಲಿ ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳನ್ನು ಕುರಿತು ಬರೆದರು. ಇಂಥವರು ಪಟ್ಟಿ ಮಾಡಿಟ್ಟಿರುವುದರಿಂದಲೇ ಇಂದು ನಾವು ವಿಚಿತ್ರವನ್ನು ವಿಚಿತ್ರವೆಂದು ಗುರುತಿಸಬಲ್ಲೆವು. ವಾಡಿಕೆ ಯಾವುದೆಂದು ತಿಳಿಯದೆ ವಾಡಿಕೆ ತಪ್ಪಿದ್ದು ಯಾವುದೆಂದು ಹೇಗೆ ತಿಳಿದೀತು?

ಈಗ ನಿಜಾಮರ ಕಾಲ. ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಈಗಲೂ ಸಿಕ್ಕಬಹುದಾದವು ಹೈದರಾಬಾದಿನ ನಾಣ್ಯಗಳೇ. ಹಿರಿಯರು ಅದನ್ನು ಹಾಲಿ ಸಿಕ್ಕ ಎನ್ನುತ್ತಿದ್ದರು. ಬ್ರಿಟಿಷರ ರೂಪಾಯಿಯನ್ನು ಕಲ್ದಾರ ಎನ್ನುತ್ತಿದ್ದರು. 'ಕಲ್' ಎಂದರೆ ಯಂತ್ರ. ಕಲ್ದಾರ ಯಂತ್ರದಲ್ಲಿ ಮಾಡಿದ್ದು. ಹಾಲಿ ಸಿಕ್ಕ ಇನ್ನೂ ಕೈಯಚ್ಚಿನದಾಗಿದ್ದ ದಿನಗಳಲ್ಲಿ ಜನ ಎರಡು ಬಗೆಯ ಟಂಕಸಾಲೆಗಳ ಭೇದವನ್ನು ಒಂದು ಮಾತಿನಲ್ಲಿ ಹಿಡಿದಿಟ್ಟಿದ್ದಾರೆ.

1858ರಲ್ಲಿ ಮೊಗಲ ಬಾದಶಹನ ಹೆಸರನ್ನು ಕೈಬಿಟ್ಟು ಹೈದರಾಬಾದಿನ ನಾಣ್ಯದಲ್ಲಿ ನಿಜಾಮ್ ಉಲ್ ಮುಲ್ಕ್ ಆಸಫ್ ಜಾಹ್ ಎಂಬ ಬಿರುದನ್ನು ಹಾಕಿದರು. ಅದರೊಡನೆ 92 ಎಂಬ ಅಂಕೆ ಕಾಣುತ್ತದೆ. ಅದನ್ನು ಇಸವಿಯೆಂದೋ ಆಳ್ವಿಕೆಯ ವರ್ಷವೆಂದೋ ತಿಳಿದು ಹಲವು ನಾಣ್ಯಗಳಲ್ಲಿ ಒಂದೇ ಅಂಕೆ ಇರುವುದನ್ನು ಕಂಡು, ಟಂಕಸಾಲೆಯವರು ವರ್ಷ ಬದಲಿಸಲು ಮರೆತರೆಂದು ಹೇಳುವವರುಂಟು. ಅದು ವರ್ಷವೇ ಅಲ್ಲ. ಅರಬ್ಬಿ ಅಕ್ಷರಗಳಿಗೆ ಸಂಖ್ಯೆಯ ಬೆಲೆ ಕೊಡುವ ಅಬ್ಜದ್ ಲೆಕ್ಕದಲ್ಲಿ ಮೀಮ್ 40, ಹೇ 8, ಮೀಮ್ 40, ದಾಲ್ 4, ಒಟ್ಟು 92. ಅದು ಮುಹಮ್ಮದ್ ಎಂಬ ಹೆಸರು. ನಮ್ಮ ಶಾಸನಗಳಲ್ಲಿ ಪದಗಳಿಂದ ಸಂಖ್ಯೆಯನ್ನು ಸೂಚಿಸುವ ಪದ್ಧತಿ ಇದ್ದಂತೆ, ಇಲ್ಲಿ ಸಂಖ್ಯೆಯಿಂದ ಪದವನ್ನು ಸೂಚಿಸಿದ್ದಾರೆ.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಹೈದರಾಬಾದಿಗೂ ಹೊಸ ಯಂತ್ರಗಳು ಬಂದು ಚಾರ್‌ಮಿನಾರಿನ ಚಿತ್ರವಿರುವ ನಾಣ್ಯಗಳು ಹೊರಟವು. ಆ ಚಿತ್ರದ ಬಾಗಿಲಿನೊಳಗೆ ಒಂದು ಅಕ್ಷರವಿದೆ. ಮಹಬೂಬ್ ಅಲಿ ಖಾನರ ಕಾಲದಲ್ಲಿ ಅದು 'ಮೀಮ್'. 1911ರಲ್ಲಿ ಅವರು ತೀರಿಕೊಂಡು ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದಾಗ ಅದು 'ಐನ್' ಆಯಿತು. ಮೊದಲಿಗೆ ಆ ಅಕ್ಷರದ ತಲೆಯ ಭಾಗವನ್ನಷ್ಟೆ ಕೆತ್ತಿದರು. ಸ್ವಲ್ಪ ಕಾಲದಲ್ಲೇ ಪೂರ್ಣ ಅಕ್ಷರ ಬಂತು. ಹೀಗೆ ಅರ್ಧ ಐನ್, ಪೂರ್ಣ ಐನ್ ಎಂದು ಎರಡು ಬಗೆ. ಇದು ಒಂದು ನಾಣ್ಯಕ್ಕೆ ಆದ ಅಪಘಾತವಲ್ಲ, ಅಚ್ಚಿನಲ್ಲೇ ಮಾಡಿದ ಬದಲಾವಣೆ. ಇಂಥದನ್ನು ದೋಷವೆನ್ನದೆ ಪ್ರಭೇದವೆನ್ನಬೇಕು. ಭೂತಗನ್ನಡಿ ಹಿಡಿದು ಬಾಗಿಲೊಳಗೆ ಇಣುಕಿದವರಿಗೇ ಇದು ಕಾಣುತ್ತದೆ.

ಹಾಲಿ ಸಿಕ್ಕದ ಬೆಲೆ ಕಲ್ದಾರಕ್ಕಿಂತ ಕಡಮೆಯಾಗಿದ್ದುದನ್ನು ಕಂಡು, ಅದರ ಬೆಳ್ಳಿಯಲ್ಲಿ ಮೋಸವಿತ್ತೆಂದು ಹೇಳುವ ಮಾತೂ ಉಂಟು. ಲೆಕ್ಕ ಹಾಕಿ ನೋಡಿದರೆ ವಿಷಯ ತಿಳಿಯುತ್ತದೆ. ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ನೂರಕ್ಕೆ ಸುಮಾರು 91.7 ಪಾಲು ಬೆಳ್ಳಿ. ಎಂದರೆ ಅಪ್ಪಟ ಬೆಳ್ಳಿ ಸುಮಾರು 10.7 ಗ್ರಾಂ. ಚಾರ್‌ಮಿನಾರ್ ರೂಪಾಯಿಯ ತೂಕ 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8 ಪಾಲು, ಅಪ್ಪಟ ಬೆಳ್ಳಿ ಸುಮಾರು 9.1 ಗ್ರಾಂ. ಈ ಎರಡರ ಪ್ರಮಾಣ ಹೆಚ್ಚುಕಡಮೆ ಏಳಕ್ಕೆ ಆರು. ವಿಲೀನದ ನಂತರ ಏಳು ಹಾಲಿ ರೂಪಾಯಿಗೆ ಆರು ಭಾರತದ ರೂಪಾಯಿ ಎಂದು ಕಟ್ಟಿದ ದರಕ್ಕೂ ಇದೇ ಪ್ರಮಾಣ! ಮೋಸವಿಲ್ಲ, ಎರಡು ಬೇರೆ ಬೇರೆ ಅಳತೆಗಳಿವೆ ಅಷ್ಟೆ. ಆದುದರಿಂದ ಹಾಲಿ ರೂಪಾಯಿಯನ್ನು ತಕ್ಕಡಿಗೆ ಹಾಕಿ, ತೂಕ ಕಡಮೆಯಾದ್ದರಿಂದ ಖೋಟಾ ಎನ್ನುವವರು ತಪ್ಪು ಕಲ್ಲಿನಿಂದ ತೂಗಿದವರು.

ಕಲ್ದಾರದಲ್ಲಿಯೂ ಒಂದು ಪ್ರಸಿದ್ಧ ತಪ್ಪಿದೆ. ಐದನೆಯ ಜಾರ್ಜ್ ದೊರೆಯ 1911ರ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಮೋಟಾಗಿ, ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಮುಸಲ್ಮಾನರ ಮನಸ್ಸಿಗೆ ನೋವಾಯಿತು. ಸರ್ಕಾರದವರು ಹಂಚಿಕೆ ನಿಲ್ಲಿಸಿ, ಬಹುಪಾಲನ್ನು ಕರಗಿಸಿ, 1912ರಿಂದ ಆನೆಯನ್ನು ತಿದ್ದಿ ಕೆತ್ತಿಸಿದರು. ಇದು ಹೊಡೆದವನ ತಪ್ಪಲ್ಲ, ಚಿತ್ರ ಬರೆದವನ ತಪ್ಪು. ಆದ್ದರಿಂದ ಆ ಅಚ್ಚಿನ ಎಲ್ಲ ನಾಣ್ಯಗಳಲ್ಲಿಯೂ ಒಂದೇ ರೀತಿ ಇದೆ. ಹಂದಿಯಂಥ ಆನೆ ಇದ್ದ ಮಾತ್ರಕ್ಕೆ 'ಇಂಥದು ಪ್ರಪಂಚದಲ್ಲಿ ಇದೊಂದೇ' ಎಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ.

ಹಾಗಾದರೆ ನಿಜವಾದ ತಪ್ಪು ಯಾವುದು? ಯಂತ್ರದ ಟಂಕಸಾಲೆಯಲ್ಲಿ ತಗಡಿನಿಂದ ಬಿಲ್ಲೆಯನ್ನು ಕತ್ತರಿಸುತ್ತಾರೆ; ಅದು ಎರಡು ಅಚ್ಚುಗಳ ನಡುವೆ ಬಂದು ಕೂರುತ್ತದೆ; ಸುತ್ತ ಉಕ್ಕಿನ ಬಳೆಯೊಂದು ಅದನ್ನು ಹಿಡಿದಿರುತ್ತದೆ; ಒಂದೇ ಒತ್ತಿಗೆ ಎರಡು ಮುಖವೂ ಮೂಡುತ್ತವೆ. ಈ ಮೂರು ಹೆಜ್ಜೆಗಳಲ್ಲಿ ಎಲ್ಲಿ ಎಡವಿದರೂ ಅದರ ಗುರುತು ನಾಣ್ಯದಲ್ಲಿ ಉಳಿಯುತ್ತದೆ. ಕತ್ತರಿಸಿದ ತೂತಿನ ಮೇಲೆಯೇ ಮತ್ತೆ ಕತ್ತರಿ ಬಿದ್ದರೆ ಬಿಲ್ಲೆ ಕಚ್ಚಿ ತಿಂದ ರೊಟ್ಟಿಯಂತಾಗುತ್ತದೆ. ಇಂಥ ನಾಣ್ಯದಲ್ಲಿ ಕಚ್ಚಿದ ಜಾಗಕ್ಕೆ ಸರಿಯಾಗಿ ಎದುರಿನ ಅಂಚೂ ಮಸುಕಾಗಿರುವುದು ವಾಡಿಕೆ. ಮನೆಯಲ್ಲಿ ಅರದಿಂದ ಉಜ್ಜಿ ಮಾಡಿದ್ದರೆ ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ. ಬಿಲ್ಲೆ ಬಳೆಯೊಳಗೆ ಕೂರದೆ ಸರಿದಿದ್ದರೆ ಚಿತ್ರ ಒಂದು ಕಡೆಗೆ ಹೋಗಿ ಇನ್ನೊಂದು ಕಡೆ ಬರಿದಾಗುತ್ತದೆ. ಹೊಡೆದ ನಾಣ್ಯ ಮೇಲಿನ ಅಚ್ಚಿಗೇ ಅಂಟಿಕೊಂಡು ಉಳಿದರೆ, ಅನಂತರ ಬಂದ ಬಿಲ್ಲೆಯ ಒಂದು ಬದಿಗೆ ಚಿತ್ರ ಉಬ್ಬಾಗಿಯೂ ಇನ್ನೊಂದು ಬದಿಗೆ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆಯೂ ಮೂಡುತ್ತದೆ. ಇದು ಸಂಗ್ರಾಹಕರು ನಿಜವಾಗಿ ಆಸೆಪಡುವ ದೋಷ.

ಒಂದು ಸುಲಭವಾದ ಪರೀಕ್ಷೆಯಿದೆ. ಅಚ್ಚು ಬಿರುಕುಬಿಟ್ಟರೆ ಆ ಬಿರುಕಿನೊಳಕ್ಕೆ ಲೋಹ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ. ಟಂಕಸಾಲೆ ಬಿಟ್ಟ ಮೇಲೆ ಗೀಚಿದ ಗೆರೆ ತಗ್ಗಾಗಿರುತ್ತದೆ. ಬೆರಳ ತುದಿ, ಭೂತಗನ್ನಡಿ, ಅಕ್ಕಸಾಲಿಗರ ತಕ್ಕಡಿ, ಈ ಮೂರಿದ್ದರೆ ಅರ್ಧ ಪರೀಕ್ಷೆ ಆದಂತೆಯೇ. ಸುತ್ತಿಗೆಯಿಂದ ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಬಡಿದು ಮಾಡಿದ 'ದೋಷ'ದಲ್ಲಿ ಹಿಂಬದಿಯ ಚಿತ್ರ ಜಜ್ಜಿಹೋಗಿರುತ್ತದೆ. ಎರಡು ನಾಣ್ಯಗಳನ್ನು ಸವೆಸಿ ಅಂಟಿಸಿ ಎರಡು ಮುಖವೂ ಒಂದೇ ಮಾಡಿದ್ದರೆ ಅಂಚಿನಲ್ಲಿ ಕೂಡುಗೆರೆ ಕಾಣುತ್ತದೆ, ತೂಕ ತಪ್ಪುತ್ತದೆ.

ಪ್ರಭೇದವನ್ನು ದೋಷವೆಂದು ತಿಳಿಯುವುದು ಇಂದಿನ ನಾಣ್ಯಗಳಲ್ಲಿಯೂ ನಿಂತಿಲ್ಲ. ಇಸವಿಯ ಕೆಳಗಿನ ನಕ್ಷತ್ರ ಹೈದರಾಬಾದ್ ಟಂಕಸಾಲೆಯ ಗುರುತು; ವಜ್ರಾಕೃತಿ ಮುಂಬಯಿಯದು; ಚುಕ್ಕೆ ನೊಯ್ಡಾದ್ದು; ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಇವು ವಿಳಾಸಗಳೇ ಹೊರತು ನಿಧಿಯ ಗುರುತುಗಳಲ್ಲ. ಹತ್ತು ರೂಪಾಯಿ ನಾಣ್ಯದ ಕಥೆಯನ್ನು ಎಲ್ಲರೂ ಬಲ್ಲರು. ಕೆಲವುದರಲ್ಲಿ ರೂಪಾಯಿ ಚಿಹ್ನೆಯಿದೆ, ಕೆಲವುದರಲ್ಲಿಲ್ಲ. ಕಿರಣದ ಗೆರೆಗಳು ಒಂದರಲ್ಲಿ ಹತ್ತು, ಒಂದರಲ್ಲಿ ಹದಿನೈದು. ಇಷ್ಟಕ್ಕೇ ಅಂಗಡಿಗಳಲ್ಲಿ ಅದನ್ನು ಖೋಟಾ ಎಂದು ತಳ್ಳಿದರು. ಹದಿನಾಲ್ಕು ಬಗೆಯ ನಾಣ್ಯಗಳಿವೆ, ಎಲ್ಲವೂ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕಿನವರು 2018ರ ಜನವರಿಯಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ತರಕಾರಿ ಮಾರಿ ಸಂಜೆ ಮನೆಗೆ ಹೋಗುವ ಹೆಂಗಸಿನ ಕೈಯಲ್ಲಿನ ಸಾಚಾ ಹತ್ತು ರೂಪಾಯಿ, ಯಾರದೋ ಕಣ್ಣಿನ ತಪ್ಪಿನಿಂದ, ಒಂದು ಸೇರು ಅಕ್ಕಿ ತಾರದೆ ಹೋಯಿತು.

ಇನ್ನೊಂದು ಕಡೆ ಇದಕ್ಕೆ ವಿರುದ್ಧವಾದ ಭ್ರಮೆ. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಗೆ ಲಕ್ಷಗಳು ಬರುತ್ತವೆಂಬ ಜಾಹೀರಾತು. ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂಬ ಕರೆ. ಇಂಥ ಮೋಸದ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರಿತು. ರಾಮನ ಪರಿವಾರದ ಚಿತ್ರ, ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ನೆಯ ಇಸವಿ ಇರುವ 'ಒಂದಾಣೆ'ಗಳೂ ತಿರುಗಾಡುತ್ತಿವೆ. ಕಂಪನಿಯವರು ಅಂಥ ನಾಣ್ಯವನ್ನು ಹೊಡೆಸಲೇ ಇಲ್ಲ. ಅಕ್ಕಿಯ ಕಾಳನ್ನು ತನ್ನತ್ತ ಎಳೆಯುವ ನಾಣ್ಯವೆಂದು ನಂಬಿಸಿ ಮನೆಮಠ ಮಾರಿಸಿದ ಪ್ರಕರಣಗಳು ನಮ್ಮ ರಾಜ್ಯದ ಪೊಲೀಸ್ ಠಾಣೆಗಳಿಗೆ ಹೊಸವಲ್ಲ. ತಾಮ್ರವಾಗಲಿ ಹಿತ್ತಾಳೆಯಾಗಲಿ ಅಕ್ಕಿಯನ್ನು ಎಳೆಯುವುದಿಲ್ಲ, ಎಳೆಯುವುದು ಆಸೆ.

ಹಾಗಾದರೆ ನಾಣ್ಯದ ಬೆಲೆಯನ್ನು ನಿರ್ಣಯಿಸುವುದು ಹೇಗೆ? ಮೊದಲು ಅದು ಕೈಯಚ್ಚೋ ಯಂತ್ರದ್ದೋ ತಿಳಿಯಬೇಕು. ಎರಡನೆಯದಾಗಿ ಆ ಟಂಕಸಾಲೆಯ ತೂಕ, ಲೋಹ, ಶಕ, ಗುರುತುಗಳ ವಾಡಿಕೆಯನ್ನು ಅರಿಯಬೇಕು. ಮೂರನೆಯದಾಗಿ, ಕಂಡ ವಿಚಿತ್ರ ಆ ವಾಡಿಕೆಯೊಳಗಿನದೋ, ಅಚ್ಚಿನ ಪ್ರಭೇದವೋ, ಹೊಡೆಯುವಾಗ ಆದ ದೋಷವೋ, ಆಮೇಲೆ ಆದ ಗಾಯವೋ ಎಂದು ವಿಂಗಡಿಸಬೇಕು. ಈ ನಾಲ್ಕರಲ್ಲಿ ಪ್ರಭೇದಕ್ಕೂ ದೋಷಕ್ಕೂ ಮಾತ್ರ ವಿಚಿತ್ರವೆಂಬ ಕಾರಣಕ್ಕೆ ಹೆಚ್ಚಿನ ಬೆಲೆ ಬರಬಹುದು. ಅದೂ ಎಷ್ಟು ಸಿಕ್ಕಿವೆ, ಎಷ್ಟು ಚೆನ್ನಾಗಿ ಉಳಿದಿವೆ, ಕೊಳ್ಳುವವರು ಎಷ್ಟಿದ್ದಾರೆ ಎಂಬುದನ್ನು ಅವಲಂಬಿಸುತ್ತದೆ. ಹಳೆಯದೆಂದ ಮಾತ್ರಕ್ಕೆ ದುಬಾರಿಯಲ್ಲ.

ಬೆಲೆ ಕೆಡಿಸುವ ಕೆಲಸವನ್ನಂತೂ ನಾವು ಭಕ್ತಿಯಿಂದಲೇ ಮಾಡುತ್ತೇವೆ. ಹಬ್ಬ ಬಂದರೆ ದೇವರ ಪೆಟ್ಟಿಗೆಯ ನಾಣ್ಯಗಳನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಿ ತೊಳೆಯುತ್ತೇವೆ. ಇನ್ನೂರು ವರ್ಷ ಅಕ್ಷರವನ್ನು ಕಾಪಾಡಿದ್ದ ಮೈಬಣ್ಣ ಒಂದು ಗಳಿಗೆಯಲ್ಲಿ ಹೋಗುತ್ತದೆ. ವರಹಕ್ಕೆ ಕೊಂಡಿ ಬೆಸೆದು ಸರ ಮಾಡಿಸುತ್ತೇವೆ. ಉತ್ತರ ಕರ್ನಾಟಕದ ಹೆಂಗಸರು ಧರಿಸುವ ಪುತಳಿ ಸರದ ಮೂಲ ವೆನಿಸ್ ನಗರದ ಚಿನ್ನದ ನಾಣ್ಯ. ಅದರ ಮೇಲಿನ ಮನುಷ್ಯಾಕೃತಿಗಳೇ ನಮ್ಮವರ ಬಾಯಲ್ಲಿ ಪುತಳಿಗಳಾದವು. ಅದನ್ನು ನೋಡಿ ನಮ್ಮ ಪತ್ತಾರರು ಮಾಡಿದ ಅನುಕರಣಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರಿಯ ಗೀಟುಗಳಾಗಿವೆ. ಅದನ್ನು 'ಅಕ್ಷರ ತಪ್ಪಿದ ವಿದೇಶಿ ನಾಣ್ಯ'ವೆಂದು ಮಾರುವವರುಂಟು. ಅದು ತಪ್ಪಿದ ನಾಣ್ಯವಲ್ಲ, ಒಪ್ಪವಾದ ಒಡವೆ.

ಕೊನೆಯದಾಗಿ ಒಂದು ಮಾತು. ತುಂಗಭದ್ರೆಯ ಇಕ್ಕೆಲದ ಹೊಲಗಳಲ್ಲಿ, ಹಳೆಯ ಮನೆ ಕೆಡವುವಲ್ಲಿ, ನೆಲದಿಂದ ನಾಣ್ಯ ಸಿಕ್ಕಿದರೆ ಅದು ಸಿಕ್ಕಿದವನ ಸ್ವತ್ತಲ್ಲ. 1962ರ ಕರ್ನಾಟಕ ನಿಧಿ ಶೋಧ ಕಾಯಿದೆಯಂತೆ ಅಧಿಕಾರಿಗಳಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾತನ ವಸ್ತು; ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಕಾನೂನಿಗೆ ಹೆದರಿ ಇಂಥ ನಾಣ್ಯವನ್ನು ರಾತ್ರೋರಾತ್ರಿ ಕರಗಿಸಿದರೆ ಚಿನ್ನದ ಬೆಲೆ ಮಾತ್ರ ಕೈಗೆ ಬರುತ್ತದೆ. ಯಾವ ಊರಿನ ಯಾವ ಹೊಲದಲ್ಲಿ, ಯಾವ ಅರಸನ ನಾಣ್ಯ ಯಾವ ಅರಸನ ನಾಣ್ಯದ ಜೊತೆಗಿತ್ತು ಎಂಬ ಸಂಗತಿ ಮೂಸೆಯಲ್ಲಿ ಉರಿದುಹೋಗುತ್ತದೆ. ಅಬ್ದುರ್ ರಜಾಕನೂ ಪಾಯೆಸನೂ ಪರದೇಶದಿಂದ ಬಂದವರು. ಅವರು ಬರೆದದ್ದರಿಂದ ನಮ್ಮ ನಾಣ್ಯಗಳ ಲೆಕ್ಕ ಉಳಿಯಿತು. ಅವರು ಬರೆಯದೆ ಬಿಟ್ಟದ್ದನ್ನು ಹೇಳಬಲ್ಲವು ಈ ನೆಲದೊಳಗಿನ ನಾಣ್ಯಗಳು ಮಾತ್ರ. ಅವುಗಳ ಓರೆ ಅಂಚನ್ನೂ ಅರ್ಧ ಅಕ್ಷರವನ್ನೂ ಹೇಗಿವೆಯೋ ಹಾಗೆಯೇ ಉಳಿಸಿ, ತಿಳಿದವರ ಕಣ್ಣಿಗೆ ತೋರಿಸಿದರೆ, ಇಂದು ನಮಗೆ ತಪ್ಪೆಂದು ಕಂಡದ್ದು ನಾಳೆ ಚರಿತ್ರೆಯ ಒಂದು ಸಾಲಾಗಿ ನಿಂತೀತು.